ಪಿಸ್ಟನ್ ಕದ್ದೋಡಿದ ಭಾವ

ಸ್ಪ್ಯಾನರ್ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಗಿ ಗೋಡೆಗೆ ಬಡಿಯಿತು!

ಠಣ್!

ಒಂಚೂರು ಆಚೀಚೆ ಆಗಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರೋ ಹೇಳಬೇಕಾಗುತ್ತಿತ್ತು.

"ಹಿಂದೆ ಬರ್ಬೇಡ! ಇನ್ನೊಂದು ಸ್ಪ್ಯಾನರ್ ಇದೆ!"

"ಎಸೀರಿ ಭಾವ! ಗುರೀನೂ ನಿಮ್ಮ ಮಾಲಿನ ಹಾಗೇ... ಅಳತೇನೇ ಇಲ್ಲ!"

ಹೌದು, ಭಾವ. ನನ್ನ ಸ್ವಂತ ಅಕ್ಕನ ಗಂಡ!

ನಾನು ಡಿಸೈನ್ ಇಂಜಿನಿಯರ್. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಲೋಹದ ಬಿಡಿಭಾಗಗಳಿಗೆ ಡ್ರಾಯಿಂಗ್ ಹಾಕಿ, ಮಷೀನಿನವರ ತಲೆ ತಿಂದು ಮಾಡಿಸುವವಳು. ಅಂದು ಪಂಪ್ ಕಂಪನಿಗೆ ಲೋಟದಷ್ಟು ದಪ್ಪದ ಒಂದು ಅಲ್ಯೂಮಿನಿಯಂ ಪಿಸ್ಟನ್ ತೋರಿಸಬೇಕಿತ್ತು. ಪಾಸಾದರೆ ದೊಡ್ಡ ಆರ್ಡರ್ ನಮ್ಮದು. ಇಲ್ಲದಿದ್ದರೆ ನಮ್ಮ ವರ್ಕ್‌ಶಾಪಿಗೆ ಬೀಗ. ಭಾವನಿಗೂ ಒಂದು ವರ್ಕ್‌ಶಾಪ್ ಇದೆ, ಅದೇ ಆರ್ಡರಿನ ಮೇಲೆ ಕಣ್ಣಿದೆ. ಆದರೆ ಅವರ ಪಿಸ್ಟನ್ ಒಂದೂ ಸರಿಬಂದಿರಲಿಲ್ಲ.

"ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ ಕಣಮ್ಮ" ಎಂದು ಹಲ್ಲು ಕಿರಿಯುತ್ತಾ ಬಂದರು. ನಾನು ಟೀ ತರಲು ಹೋದೆ. ಬರುವಷ್ಟರಲ್ಲಿ ಪಿಸ್ಟನ್ ಮಾಯ!

ನನಗೇ ಚಳ್ಳೆಹಣ್ಣು!

ಈಗ ಪಂಪ್ ಕಂಪನಿಯ ಕಡೆಗೆ ಅವರು ಮುಂದೆ, ನಾನು ಹಿಂದೆ. ಗೋಡೌನು, ಮೆಟ್ಟಿಲು, ಹಣ್ಣಿನ ಗಾಡಿ... ಕಿತ್ತಳೆಗಳು ರಸ್ತೆ ತುಂಬ ಉರುಳಿದವು. ಗಾಡಿಯವನು ಇಬ್ಬರಿಗೂ ಸಮನಾಗಿ ಬೈದ. ತಿರುವಿನಲ್ಲಿ ಭಾವನ ಕಾಲರ್ ನನ್ನ ಕೈಗೆ ಸಿಕ್ಕಿಯೇ ಬಿಟ್ಟಿತು!

ಆಗ ನೋಡಿದೆ.

ಪಿಸ್ಟನ್ ಅವರ ಅಂಗಿಯೊಳಗಿತ್ತು. ಎರಡೂ ಕೈಗಳಿಂದ ಅದನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದರು. ನೆತ್ತಿ ಸುಡುವ ಬಿಸಿಲು ಬೇರೆ.

ನಾನು ಕಾಲರ್ ಬಿಟ್ಟುಬಿಟ್ಟೆ!

ಕೇಳಿ... ಅಲ್ಯೂಮಿನಿಯಂ ಬಿಸಿಯಾದರೆ ಉಬ್ಬುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಳತೆ ನೋಡುವ ಗೇಜಿಗೆ ಗೊತ್ತಾಗುತ್ತದೆ. ಅದಕ್ಕೇ ಅಳೆಯುವ ಮುಂಚೆ ಮಾಲನ್ನು ಎ.ಸಿ. ರೂಮಿನಲ್ಲಿ ಇಟ್ಟು ಆರಿಸುತ್ತೇವೆ. ಗಾಬರಿಯಲ್ಲಿ ಈ ಮಹಾರಾಯರು ಅದನ್ನೇ ಮರೆತಿದ್ದರು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಓಡಿ ಭಾವ! ನಿಂತ್ರೆ ಹಿಡಿದೇ ಬಿಡ್ತೀನಿ!"

ಓಡಿದರು ಪಾಪ. ಹತ್ತಿರದ ದಾರಿಗೆ ನಾನು ಅಡ್ಡ ನಿಂತೆ, ಸುತ್ತು ದಾರಿಗೆ ಅಟ್ಟಿದೆ. ಒಂದೆಡೆ ಅವರು ಸುಸ್ತಾಗಿ ಕೂರಲು ಹೋದಾಗ ಕೂಗಿ ಎಬ್ಬಿಸಿದೆ. ಎದ್ದೆನೋ ಬಿದ್ದೆನೋ ಎಂದು ಪಂಪ್ ಕಂಪನಿಯ ಇನ್‌ಸ್ಪೆಕ್ಷನ್ ರೂಮಿಗೆ ನುಗ್ಗಿದರು. ನಾನು ಬಾಗಿಲಲ್ಲಿ ನಿಂತೆ.

"ನಂದೇ ಮಾಲು ಮೇಡಂ! ಬೇಗ ನೋಡಿ!"

ಇನ್‌ಸ್ಪೆಕ್ಷನ್ ಮೇಡಂ ನಕ್ಕಿದ್ದನ್ನು ಯಾರೂ ನೋಡಿಲ್ಲ. "ಆರೋಕೆ ಇಡಬೇಕು" ಎಂದರು.

"ಟೈಮಿಲ್ಲ ಮೇಡಂ! ಈಗ್ಲೇ ನೋಡಿ!"

ಬಳೆಯಂತಹ ಉಕ್ಕಿನ ಗೇಜನ್ನು ಮೇಡಂ ಪಿಸ್ಟನ್ನಿಗೆ ತೊಡಿಸಲು ನೋಡಿದರು. ಹೋಗಲಿಲ್ಲ. ತಿರುಗಿಸಿ ನೋಡಿದರು. ಊಹೂಂ!

"ದಪ್ಪ. ರಿಜೆಕ್ಟ್! ಇಂಥ ಮಾಲು ಮಾಡೋರನ್ನ ಇನ್ಮೇಲೆ ಗೇಟಿನೊಳಗೇ ಬಿಡಲ್ಲ."

ಭಾವನ ಮುಖ ಬಿಳಿಚಿಕೊಂಡಿತು. ತಿರುಗಿ ನನ್ನನ್ನು ಕಂಡರು.

"ನಂದಲ್ಲ ಮೇಡಂ! ಇವಳದ್ದು! ಇವಳ ಟೇಬಲ್ಲಿಂದ ಎತ್ಕೊಂಡು ಬಂದೆ... ದೇವರಾಣೆ!"

"ಕೇಳಿಸ್ಕೊಂಡ್ರಲ್ಲ ಮೇಡಂ?" ಎಂದೆ. "ನಂದೇ. ಈಗ ಆರಲಿ, ಆಮೇಲೆ ನೋಡಿ."

ಕಾದೆವು. ಸುಳ್ಳೇಕೆ, ಆಗ ಮಾತ್ರ ನನಗೆ ನಿಜಕ್ಕೂ ಭಯವಾಯಿತು. ಓಟದಲ್ಲಿ ಒಂದು ಗೀರು ಬಿದ್ದಿದ್ದರೂ ನಮ್ಮ ಕತೆ ಮುಗಿದಂತೆ!

ಮೇಡಂ ಮತ್ತೆ ಗೇಜ್ ಎತ್ತಿಕೊಂಡರು.

ಸುಯ್ಯೆಂದು ಜಾರಿತು!

"ಪಾಸ್" ಎಂದರು. ನಕ್ಕರು ಕೂಡ!

ಹೊರಗೆ ಬಂದ ಮೇಲೆ ಭಾವ ಬೆವರು ಒರೆಸಿಕೊಳ್ಳುತ್ತಾ ಕೇಳಿದರು, "ಪೊಲೀಸ್ ಕಂಪ್ಲೇಂಟ್ ಕೊಡ್ತೀಯಾ?"

"ಛೇ ಛೇ! ಮನೆಯವರ ಮೇಲೆ ಪೊಲೀಸಾ? ಅಕ್ಕನಿಗೆ ಹೇಳ್ತೀನಿ, ಅಷ್ಟೇ."

ಭಾವ ನಡುರಸ್ತೆಯಲ್ಲಿ ಕೈಮುಗಿದರು. "ಬೇಡಮ್ಮ... ಸ್ಟೇಷನ್ ಇಲ್ಲೇ ಹತ್ರ. ನಾನೇ ದಾರಿ ತೋರಿಸ್ತೀನಿ, ನಡಿ!"