ಮೌಲ್ಯಮಾಪನ ಭವನದ ಕೊಲೆ

ಬಾಗಿಲಿನ ಗಾಜಿನಿಂದ ಇಣುಕಿದ ಜವಾನನಿಗೆ ಕೋಣೆ ಎಂದಿನಂತೆಯೇ ಕಂಡಿತು. ಡೆಸ್ಕು ಅದರ ಜಾಗದಲ್ಲಿತ್ತು, ದೀಪ ಉರಿಯುತ್ತಿತ್ತು. ಸಾಹೇಬರು ಬೇಗ ಬಂದಿರಬೇಕು ಅಂದುಕೊಂಡು ನೀರಿನ ಹೂಜಿ ಹಿಡಿದು ಒಳಗೆ ಹೋದ. ಹೂಜಿ ಕೈಜಾರಿ ಚೂರಾಯಿತು.

ಡೆಸ್ಕಿನ ಹಿಂದೆ ಪರೀಕ್ಷಾ ನಿರ್ದೇಶಕರು ಬೋರಲು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದು ಒಳಗಿದ್ದದ್ದು ಹೊರಗೆ ಬಂದಿತ್ತು. ಪಕ್ಕದಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಸೀಲು ಒತ್ತುವ ಕಬ್ಬಿಣದ ಯಂತ್ರ. ಅದರ ಅಂಚಿಗೆ ಕೂದಲು ಮೆತ್ತಿಕೊಂಡಿತ್ತು.

"ಎಷ್ಟು ಏಟು?" ಬಂದವಳೇ ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಮೂರು. ಮೊದಲನೆಯದಕ್ಕೇ ಜೀವ ಹೋಗಿದೆ," ಎಂದ ವೈದ್ಯ. "ಉಳಿದೆರಡು ಬರೀ ಸಿಟ್ಟಿಗೆ. ನಿನ್ನೆ ಸಂಜೆಯ ಕೆಲಸ."

ಹೆಣ ಸಾಗಿಸಿದ ಮೇಲೆ ಅವಳು ಕೋಣೆಯನ್ನು ಇಂಚಿಂಚಾಗಿ ನೋಡಿದಳು. ಗೋಡೆಗೆ ಶಾಯಿ ಚೆಲ್ಲಿತ್ತು. ಡೆಸ್ಕಿನ ಒಂದು ಕಾಲೆತ್ತಿದರೆ ಅದರಡಿಯಲ್ಲೂ ರಕ್ತ. ಅಂದರೆ? ಹೊಡೆದಾಟದಲ್ಲಿ ಉರುಳಿದ ಡೆಸ್ಕನ್ನು ಯಾರೋ ಆಮೇಲೆ ಎತ್ತಿ ನಿಲ್ಲಿಸಿದ್ದಾರೆ. ಗಾಜಿನಾಚೆ ಹಾದುಹೋಗುವವರಿಗೆ ಅನುಮಾನ ಬರಬಾರದಲ್ಲ.

ಯೋಚಿಸುತ್ತ ನಿರ್ದೇಶಕರ ಕುರ್ಚಿಯಲ್ಲಿ ಕೂತಳು. ಮೊಣಕಾಲು ಹಲಗೆಗೆ ಬಡಿದು ಕಣ್ಣಲ್ಲಿ ನೀರು ಬಂತು.

"ಹಾಳು ಡೆಸ್ಕು," ಅಂದಳು.

"ಶಾಲೆ ಮಕ್ಕಳ ಡೆಸ್ಕಂತೆ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್. ಇಡೀ ಠಾಣೆ ಅವನನ್ನು ಮೀಸೆ ಅಂತಲೇ ಕರೆಯುತ್ತಿತ್ತು. "ಮಕ್ಕಳನ್ನ ಅಳೆಯೋನು ಮಕ್ಕಳ ಜಾಗದಲ್ಲೇ ಕೂರಬೇಕು ಅಂತ ಹಟ ಹಿಡಿದು ಹಾಕಿಸಿಕೊಂಡಿದ್ರಂತೆ. ದೊಡ್ಡವರ ಹುಚ್ಚು, ಹೇಳೋರು ಯಾರು?"

ಅವಳು ಮೊಣಕಾಲು ಉಜ್ಜಿಕೊಂಡು ಎದ್ದಳು. ಆ ಹೊತ್ತಿಗೆ ಅಷ್ಟೇ.

ಪಕ್ಕದ ಕೋಣೆಯಲ್ಲಿ ಅಂಕಿಅಂಶ ನೋಡಿಕೊಳ್ಳುವ ಹುಡುಗ ಕೂತಿದ್ದ. ಕಚೇರಿಯಲ್ಲಿ ಅವನ ಹೆಸರು ಸರಾಸರಿ.

"ಮಾರ್ಕ್ಸಿಗೋಸ್ಕರ ಯಾರಾದ್ರೂ ಕೊಲೆ ಮಾಡ್ತಾರೇನಪ್ಪಾ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಮಕ್ಕಳ ಮಾರ್ಕ್ಸು ಈಗ ಮಕ್ಕಳದ್ದಲ್ಲ ಮೇಡಂ. ದೇಶಕ್ಕೆಲ್ಲ ಒಂದೇ ಪರೀಕ್ಷೆ. ನಿಗದಿ ಅಂಕದ ಗೆರೆಗಿಂತ ಕೆಳಗೆ ಬಂದ ಶಾಲೆಗೆ ಬೀಗ. ಎಲ್ಲಕ್ಕಿಂತ ಮೇಲೆ ಬಂದ ಮಾದರಿ ಶಾಲೆಯ ಪದ್ಧತಿ ಎಲ್ಲರಿಗೂ ಕಡ್ಡಾಯ. ಇವತ್ತು ಸಂಜೆ ಮಂತ್ರಿಗಳು ಘೋಷಣೆ ಮಾಡ್ತಾರೆ."

"ನಿನ್ನೆ ಸಂಜೆ ಇಲ್ಲಿಗೆ ಯಾರು ಬಂದಿದ್ರು?"

"ದೊಡ್ಡಕ್ಕ. ಗೋದಾಮುಗಳ ಹಿಂದಿರೋ ಶಾಲೆಯ ಹೆಡ್ ಟೀಚರ್. ಮಕ್ಕಳೆಲ್ಲ ಅವರನ್ನ ಹಾಗೇ ಕರೆಯೋದು. ಬೀಗ ಬೀಳೋ ಶಾಲೆಗಳಲ್ಲಿ ಅವರದ್ದೂ ಒಂದು. 'ನಿನ್ನ ಕೈ ಮುರೀತೀನಿ' ಅಂತ ಕೂಗಿದ್ದು ನನಗೇ ಕೇಳಿಸ್ತು. ಆಮೇಲೆ ನಾನು ಮಂತ್ರಿಗಳ ಕಚೇರಿಗೆ ಹೋದೆ. ಅಲ್ಲೇ ಎಲ್ಲರ ಮುಂದೆ ಕೂತಿದ್ದೆ."

ಕೇಳಬೇಕೆ? ಇನ್ಸ್‌ಪೆಕ್ಟರಮ್ಮ ಠಾಣೆಗೆ ಮರಳುವಷ್ಟರಲ್ಲಿ ಪೇದೆಗಳು ದೊಡ್ಡಕ್ಕನನ್ನು ಎಳೆದು ತಂದಿದ್ದರು. ಗಟ್ಟಿಮುಟ್ಟು ಹೆಂಗಸು. ತೋಳಿನ ಬಟ್ಟೆಗೆ ಒಣಗಿದ ರಕ್ತ. ತುಟಿ ಒಡೆದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು.

"ಇವರ ಮೇಲೆ ಕೈ ಮಾಡಿದ್ದು ಯಾರು?"

ಪೇದೆಗಳು ಹಿಂದೆ ಸರಿದರು. ಇನ್ಸ್‌ಪೆಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಎಲ್ಲರನ್ನೂ ಹೊರಗೆ ಅಟ್ಟಿ ಬಾಗಿಲು ಹಾಕಿದಳು.

"ಆ ರಕ್ತ ಯಾರದ್ದು?"

"ಅವನದ್ದೇ. ಮೂಗಿಗೆ ಗುದ್ದಿದೆ."

"ಆಮೇಲೆ?"

"ಆಮೇಲೆ ಅವನು ಮೂಗು ಹಿಡಿದುಕೊಂಡು ನಕ್ಕ. 'ಹೊಡೆದದ್ದು ಸರಿಯಾಯ್ತು ಅಕ್ಕ, ತಪ್ಪು ನಂದೇ' ಅಂದ."

"ನಂಬೋ ಮಾತಾ ಇದು?"

"ನಂಬಬೇಡಿ. ನಾನಾದ್ರೂ ನಂಬ್ತಿರಲಿಲ್ಲ. 'ಆ ಮಾದರಿ ಶಾಲೆಯ ನೂರು ನೂರಲ್ಲ. ಅದರ ಹೆಡ್‌ಮಾಸ್ಟರನ್ನ ಈಗಲೇ ಕರೆಸಿದ್ದೀನಿ, ನಾಳೆ ಘೋಷಣೆ ನಿಲ್ಲಿಸ್ತೀನಿ' ಅಂದ. ನಾನು ಮನೆಗೆ ಹೋದೆ. ಗುದ್ದಿದ್ದು ನಿಜ. ಕೊಂದಿಲ್ಲ."

ಅಷ್ಟರಲ್ಲಿ ಮೇಲಧಿಕಾರಿಯ ಫೋನು. "ರಕ್ತ ಸಿಕ್ಕಿದೆ, ಬೆದರಿಕೆ ಸಿಕ್ಕಿದೆ. ಘೋಷಣೆಗೆ ಮೊದಲು ಕೇಸು ಮುಗಿಸು. ಸಂಜೆವರೆಗೆ ಸಮಯ."

ಸಂಜೆಯಾದರೆ ಈ ಹೆಂಗಸು ಜೈಲಿಗೆ, ಅವಳ ಶಾಲೆ ಬೀಗಕ್ಕೆ. ಇನ್ಸ್‌ಪೆಕ್ಟರಮ್ಮ ಜೀಪು ಹತ್ತಿದಳು.

ಮಾದರಿ ಶಾಲೆ ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು. ಅದರ ಹೆಡ್‌ಮಾಸ್ಟರಿಗೆ ಊರಿಟ್ಟ ಹೆಸರು ನೂರಕ್ಕೆ ನೂರು. ಮಡಿಕೆ ಮುರಿಯದ ಅಂಗಿ, ಸಕ್ಕರೆಯಂಥ ಮಾತು.

"ನಿರ್ದೇಶಕರು ನಿಮ್ಮನ್ನ ನಿನ್ನೆ ಕರೆಸಿದ್ರಾ?"

"ನನ್ನನ್ನಾ? ಇಲ್ಲವಲ್ಲ. ಆ ಕೋಣೆಗೆ ನಾನು ಕಾಲಿಟ್ಟೇ ಇಲ್ಲ. ಪಾಪ, ದೇವರಂಥ ಮನುಷ್ಯ. ಬನ್ನಿ, ಒಳಗೆ ಕಿರುಪರೀಕ್ಷೆ ನಡೀತಿದೆ, ನೋಡಿ."

ಒಳಗೆ ಪಿಸುಮಾತಿಲ್ಲ. ಸಾಲುಸಾಲು ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದರು. ಆದರೆ ಕಿಟಕಿಯಾಚೆ, ಹಿಂದಿನ ಗೋಡೆಗೆ ಒರಗಿ ಮತ್ತಷ್ಟು ಮಕ್ಕಳು ಸುಮ್ಮನೆ ಕೂತಿದ್ದರು. ಕೈಯಲ್ಲಿ ಪೆನ್ನೂ ಇಲ್ಲ, ಪುಸ್ತಕವೂ ಇಲ್ಲ.

ಅವಳು ಒಬ್ಬಳೇ ಹೊರಗೆ ಹೋಗಿ ಒಬ್ಬ ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ನಿಮಗೆ ಪರೀಕ್ಷೆ ಇಲ್ವಾ ಮರಿ?"

"ನಮಗೆ ಪರೀಕ್ಷೆ ದಿನ ರಜೆ," ಎಂದಳು ಹುಡುಗಿ. "ದೊಡ್ಡ ಪರೀಕ್ಷೆ ದಿನಾನೂ ರಜೆ. ಮನೇಲೇ ಇರಿ ಅಂದಿದ್ರು. ನಾವು ದಡ್ಡರು."

ಎಷ್ಟು ನಿರಾಳವಾಗಿ ಹೇಳಿತು ಆ ಮಗು. ತಲೆ ಸವರಲು ಹೋದ ಕೈ ಅರ್ಧದಲ್ಲೇ ನಿಂತಿತು. ಕಿಟಕಿಯಿಂದ ಮತ್ತೆ ಒಳಗೆ ನೋಡಿದಳು. ಮಕ್ಕಳನ್ನಲ್ಲ, ಡೆಸ್ಕುಗಳನ್ನು. ಒಂದೊಂದನ್ನೂ ನೋಡಿದಳು. ಮೊಣಕಾಲಿನ ನೋವು ಆಗ ನೆನಪಾಯಿತು.

ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಮೂವರನ್ನೂ ಕರೆಸಿದಳು – ಸರಾಸರಿ, ದೊಡ್ಡಕ್ಕ, ನೂರಕ್ಕೆ ನೂರು. ನೆಲದ ಕಲೆ ಇನ್ನೂ ಹೋಗಿರಲಿಲ್ಲ. ಡೆಸ್ಕು ಅಡ್ಡ ಬಿದ್ದಿತ್ತು.

"ಕೊಂದವರು ಈ ಡೆಸ್ಕನ್ನ ಒಬ್ಬರೇ ಎತ್ತಿ ನಿಲ್ಲಿಸಿದ್ದಾರೆ. ಹೆಂಗಸಿಗೆ ಆಗುತ್ತಾ ಅನ್ನೋದೇ ಪ್ರಶ್ನೆ. ಅಕ್ಕ, ಎತ್ತಿ."

ದೊಡ್ಡಕ್ಕ ಎತ್ತಿ ಕುರ್ಚಿಯ ಮುಂದಿಟ್ಟಳು. ಹೆಡ್‌ಮಾಸ್ಟರ್ ನಿಟ್ಟುಸಿರು ಬಿಟ್ಟ. "ಕಣ್ಣಾರೆ ಕಂಡಾಯ್ತಲ್ಲ," ಅಂದ.

ಮೀಸೆ ಅದನ್ನು ಮತ್ತೆ ಉರುಳಿಸಿದ. ಸರಾಸರಿ ಏದುಸಿರು ಬಿಡುತ್ತ ಎತ್ತಿಟ್ಟ. ಮೀಸೆ ಮೂರನೆಯ ಸಲ ಉರುಳಿಸಿದ.

"ಸಾಕು, ಅಕ್ಕನನ್ನ ಕರ್ಕೊಂಡು ನಡಿ," ಎಂದು ಇನ್ಸ್‌ಪೆಕ್ಟರಮ್ಮ ಬಾಗಿಲ ಕಡೆ ತಿರುಗಿದಳು. "ಸಾರ್, ಅದು ದಾರಿಗೆ ಅಡ್ಡ. ಸ್ವಲ್ಪ ಎತ್ತಿಡ್ತೀರಾ?"

ಕೇಸು ಮುಗಿದ ಖುಷಿಯಲ್ಲಿ ಅವನು ಬಗ್ಗಿ ಎತ್ತಿದ, ಅರ್ಧ ಸುತ್ತು ತಿರುಗಿಸಿ ಇಟ್ಟ, ಕೈ ಕೊಡವಿಕೊಂಡ.

"ಹಾಗೇ ಇರಲಿ, ಯಾರೂ ಮುಟ್ಟಬೇಡಿ," ಎಂದಳು ಇನ್ಸ್‌ಪೆಕ್ಟರಮ್ಮ. "ಸಾರ್, ಡೆಸ್ಕಿನ ಖಾನೆ ಯಾವ ಕಡೆ ಇದೆ?"

ಅವನು ನೋಡಿದ. ಮುಖ ಬಿಳಿಚಿತು.

"ಪುಸ್ತಕ ಇಡೋ ಖಾನೆ ಕೂರೋನ ಕಡೆ ಇರಬೇಕು. ಅಕ್ಕ ಹಾಗೇ ಇಟ್ರು, ಈ ಹುಡುಗನೂ ಹಾಗೇ ಇಟ್ಟ. ನೀವು ಖಾನೆಯನ್ನ ಬಾಗಿಲ ಕಡೆ ತಿರುಗಿಸಿದ್ರಿ. ಬೆಳಗ್ಗೆಯೂ ಅದು ಹೀಗೇ ಇತ್ತು. ನನ್ನ ಮೊಣಕಾಲು ಸಾಕ್ಷಿ."

"ಅದು... ಅಭ್ಯಾಸ," ಎಂದ ಅವನು.

"ಹೌದು, ಪರೀಕ್ಷೆ ಕೊಠಡಿಯ ಅಭ್ಯಾಸ. ಖಾನೆಯಲ್ಲಿ ಚೀಟಿ ಬಚ್ಚಿಡಬಾರದು ಅಂತ ನಿಮ್ಮಲ್ಲಿ ಎಲ್ಲ ಡೆಸ್ಕೂ ಹಿಂದುಮುಂದು. ಅಕ್ಕನ ಶಾಲೇಲಿ ಬರೀ ಬೆಂಚು, ಖಾನೆಯೇ ಇಲ್ಲ. ಕೊಂದ ಗಾಬರಿಯಲ್ಲಿ ತಲೆ ಓಡಲಿಲ್ಲ, ಕೈ ಮಾತ್ರ ತನ್ನ ಕೆಲಸ ಮಾಡ್ತು. ಆ ಕೈಯ ಗುರುತೂ ಇದೆ. ಮೇಲೆಲ್ಲ ಒರೆಸಿದ್ರಿ, ಹಲಗೆಯ ಅಡಿಯಲ್ಲಿ ನಾಲ್ಕು ರಕ್ತದ ಬೆರಳಚ್ಚು ಉಳಿದಿವೆ. ಅವುಗಳ ನಕಲು ತೆಗೆದಾದ ಮೇಲೇ ಈ ಡೆಸ್ಕನ್ನ ಉರುಳಿಸಿದ್ದು. ದಡ್ಡರು ಅಂತ ಮಕ್ಕಳನ್ನ ಮನೇಲಿ ಕೂರಿಸಿ ನೂರು ಗಳಿಸಿದ್ರಿ. ಅದು ನಿರ್ದೇಶಕರಿಗೆ ಗೊತ್ತಾಯ್ತು. ಅಲ್ವಾ?"

ಉತ್ತರದ ಬದಲು ಅವನು ಕುರ್ಚಿ ಎತ್ತಿ ಬೀಸಿದ. ಭುಜಕ್ಕೆ ಬಿದ್ದ ಏಟಿಗೆ ಅವಳು ಗೋಡೆಗೆ ಅಪ್ಪಳಿಸಿದಳು. ಎರಡನೆಯದು ತಲೆಗೆ ಬರುತ್ತಿತ್ತು. ಅಷ್ಟರಲ್ಲಿ ಮೀಸೆ ಅವನ ಸೊಂಟ ಹಿಡಿದು ನೆಲಕ್ಕೆ ಕುಕ್ಕಿದ. ಹಲ್ಲು ಮುರಿದು ಬಾಯಿ ತುಂಬ ರಕ್ತವಾಯಿತು.

"ಮನೇಲಿ ಕೂತ ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿ ನನ್ನ ನೂರನ್ನ ಐವತ್ತು ಮಾಡ್ತೀನಿ ಅಂದ," ಎಂದು ಅವನು ನೆಲದ ಮೇಲಿನಿಂದಲೇ ಗೊಳೋ ಎಂದು ಅತ್ತ. "ಎಲ್ಲರ ಮುಂದೆ ಹೇಳ್ತೀನಿ ಅಂದ."

"ಕೊಲೆಗಾರ ಇವನೇ. ಬೇಡಿ ಹಾಕು," ಎಂದಳು ಅವಳು, ಭುಜ ಹಿಡಿದುಕೊಂಡು.

ಅವನನ್ನು ಎಳೆದೊಯ್ದ ಮೇಲೆ ದೊಡ್ಡಕ್ಕ ಕಿಟಕಿಯ ಬಳಿ ನಿಂತಿದ್ದಳು.

"ನೀವಿನ್ನು ಮನೆಗೆ ಹೋಗಬಹುದು ಅಕ್ಕ. ನಮ್ಮವರು ಮಾಡಿದ್ದಕ್ಕೆ ನನಗೆ ನಾಚಿಕೆಯಾಗಿದೆ. ಹೊಡೆದವರನ್ನ ಸುಮ್ಮನೆ ಬಿಡಲ್ಲ."

"ಘೋಷಣೆ?"

ಆಗಷ್ಟೇ ಮಂತ್ರಿಗಳ ಕಚೇರಿಗೆ ಫೋನು ಮಾಡಿ ಮುಗಿಸಿದ್ದ ಸರಾಸರಿ ಉತ್ತರಿಸಿದ. "ಈ ವರ್ಷಕ್ಕೆ ನಿಂತಿದೆ. ಆದರೆ ನೀತಿ ಬದಲಾಗಲ್ಲವಂತೆ. ಮುಂದಿನ ವರ್ಷ ಮತ್ತೆ ಪರೀಕ್ಷೆ, ಅದೇ ಗೆರೆ."

"ಮಾದರಿ ಶಾಲೆಯ ಗೋಡೆ ಪಕ್ಕ ಕೂತಿದ್ದ ಮಕ್ಕಳ ಗತಿ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಆ ಶಾಲೆ ಅವರನ್ನ ಇಟ್ಟುಕೊಳ್ಳಲ್ಲ, ಬೇರೆ ಶಾಲೆಗೆ ಸೇರಿಸಬೇಕು. ಅಂಕ ಇಳಿಯುತ್ತೆ ಅಂತ ಯಾರೂ ತಗೊಳ್ಳಲ್ಲ."

"ನನ್ನ ಹತ್ತಿರ ಕಳಿಸಿ."

ಸರಾಸರಿ ತಡಬಡಿಸಿದ. "ಅಕ್ಕ, ನಿಮ್ಮದು ಈಗಲೇ ಗೆರೆಯ ಕೆಳಗಿದೆ. ಅವರೂ ಸೇರಿದ್ರೆ ಮುಂದಿನ ವರ್ಷ ಬೀಗ ಖಂಡಿತ."

"ಲೆಕ್ಕ ನನಗೂ ಬರುತ್ತೆ ಮಗು," ಎಂದಳು ದೊಡ್ಡಕ್ಕ. ತುಟಿಯಿಂದ ಮತ್ತೆ ರಕ್ತ ಜಿನುಗಿತು. "ಒಂದು ವರ್ಷ ಇದೆಯಲ್ಲ. ಅಷ್ಟರಲ್ಲಿ ಓದೋದು ಕಲಿಸ್ತೀನಿ. ನಾಳೆ ಬೆಳಗ್ಗೆಯೇ ಕಳಿಸಿ."