ಕರಿಬಟ್ಟೆಯೊಳಗಿನ ಕಾಗೆಬಂಗಾರ

"ಮುಟ್ಟಬೇಡ ಕಣಮ್ಮ. ಅದಕ್ಕೆ ಒಬ್ಬ ತಾಯಿಯ ಶಾಪ ಇದೆ," ಎಂದರು ಸುರಯ್ಯಾ ಆಂಟಿ.

ಮೆಟುಚೆನ್‌ನ ಅವರ ಬೇಸ್‌ಮೆಂಟಿನಲ್ಲಿ ಉಷಾ ಬಿಚ್ಚಿದ ಕರಿಬಟ್ಟೆಯೊಳಗೆ ಕಾಗೆಬಂಗಾರದ, ಅಂದರೆ ಮೈಕಾ ಕಲ್ಲಿನ, ಪದರಪದರವಾದ ಗಟ್ಟಿ ಥಳಥಳಿಸುತ್ತಿತ್ತು. ಆಂಟಿಯ ಗಂಡ ಮಜೀದ್ ಹಿಂದೆ ಊರಲ್ಲಿ ಕಾಗೆಬಂಗಾರದ ಗಣಿ ನಡೆಸಿದ್ದವರು. ಗುಂಡಿ ಕುಸಿದು ಕೂಲಿಯವಳ ಮಗಳೊಬ್ಬಳು ಹೂತುಹೋದಳು. ಹೊರತೆಗೆದಾಗ ಮುಖವೇ ಉಳಿದಿರಲಿಲ್ಲ. ತಾಯಿ ಈ ಗಟ್ಟಿಗೆ ಮಾಟ ಮಾಡಿಸಿ ಅವರ ಹೊಸ್ತಿಲಿಗೆ ಎಸೆದಿದ್ದಳು.

"'ಇದನ್ನ ಹಚ್ಕೊಂಡವಳ ಮುಖ ಹೆತ್ತವಳಿಗೂ ಗುರುತು ಸಿಗದೇ ಹೋಗ್ಲಿ' ಅಂದಿದ್ಲು. ಬಿಸಾಕಿದ್ರೆ ಬೇರೆ ಯಾರಾದ್ರೂ ಎತ್ಕೋತಾರೆ ಅಂತ ಇಟ್ಕೊಂಡಿದೀನಿ."

"ಆಂಟಿ, ದಿಸ್ ಈಸ್ ನ್ಯೂ ಜರ್ಸಿ! ಮಾಟಕ್ಕೆ ವೀಸಾ ಕೊಟ್ಟೋರ್ಯಾರು?" ಉಷಾ ನಕ್ಕಳು.

ಆಂಟಿ ಚಹಾ ತರಲು ಮೇಲೆ ಹೋದದ್ದೇ ತಡ, ಒಂದು ಪದರ ಕಿತ್ತು ಕೈಚೀಲಕ್ಕೆ ಸೇರಿಸಿದಳು. ವಿನಾಶಕಾಲಕ್ಕೆ ವಿಪರೀತ ಬುದ್ಧಿ. ಆ ಚಳಿಗಾಲ ಬ್ಯಾಂಕುಗಳು ಸಾಲಾಗಿ ಮುಳುಗುತ್ತಿದ್ದವು. ಜರ್ಸಿ ಸಿಟಿಯ ಅವಳ ಕೆಲಸ ಹೋಗಿತ್ತು. ಮನೆಯಲ್ಲೇ ಕಾಗೆಬಂಗಾರದ ಹೊಳಪುಪುಡಿಯಂಥ ನ್ಯಾಚುರಲ್ ಮೇಕಪ್ ಮಾಡಿ ಮಾರಿ ಅವಳೂ ಮಗಳು ಧೃತಿಯೂ ಬದುಕಬೇಕಿತ್ತು.

ಹ್ಯಾರಿಸನ್ ಊರಿನ ತನ್ನ ಅಪಾರ್ಟ್‌ಮೆಂಟಿನಲ್ಲಿ ಕಾಫಿಬೀಜದ ಗ್ರೈಂಡರಿಗೆ ಪದರ ಹಾಕಿ ತಿರುಗಿಸಿದಳು. ಒಳಗೆ ಯಾರೋ ಹಲ್ಲು ಕಡಿದಂಥ ಸದ್ದು. ಮುಚ್ಚಳ ತೆಗೆದರೆ ಹಸಿಮಣ್ಣಿನ, ಕೊಳೆತ ರಕ್ತದ ವಾಸನೆ. ಮಾರುವ ಮುಂಚೆ ಪ್ರತಿ ಪುಡಿಯನ್ನೂ ತನ್ನ ಮುಖಕ್ಕೇ ಹಚ್ಚಿ ನೋಡುವುದು ಅವಳ ಪದ್ಧತಿ. ಹಚ್ಚಿದಳು. ಕನ್ನಡಿಯಲ್ಲಿ ಅದೇ ಉಷಾ, ಇನ್ನಷ್ಟು ಚೆಲುವೆ. "ಎಲ್ಲಿದೆ ನಿನ್ನ ಶಾಪ?" ಎಂದು ಹಂಗಿಸಿದಳು.

ಹೊರಗೆ ಹಿಮ ಬಿದ್ದು ಸಂಜೆ ಬೇಗನೆ ಕಪ್ಪಾಯಿತು. ಮೈಸೂರಿನಿಂದ ಅಮ್ಮ ಸ್ಕೈಪಿನಲ್ಲಿ ಬಂದರು. ಬಂದವರ ನಗು ಹಾಗೇ ಆರಿಹೋಯಿತು.

"ಯಾರಮ್ಮ ನೀವು? ಉಷಾ ಇಲ್ವಾ?"

"ಅಮ್ಮಾ, ನಾನೇ!"

"ದನಿ ಅವಳದೇ... ಮುಖ ಯಾರದು? ನನ್ನ ಮಗಳನ್ನ ಏನು ಮಾಡಿದೆ?" ಅಮ್ಮ ಚೀರಿದರು.

ಉಷಾ ಬಾತ್‌ರೂಮಿಗೆ ಓಡಿದಳು. ಸೋಪು. ಬಿಸಿನೀರು. ಉಜ್ಜಿದಳು. ಹೊಳಪು ಹೋಗಲಿಲ್ಲ. ಚರ್ಮ ಪದರವಾಗಿ ಎದ್ದು ಬಂತು. ಅದರಡಿಯಲ್ಲೂ ಹೊಳಪು. ಆಗ ನೆನಪಾಯಿತು. ಪುಡಿ ತುಂಬಿಟ್ಟ ಡಬ್ಬಿ. ಅಡುಗೆಕಟ್ಟೆಯ ಮೇಲೆ ತೆರೆದೇ ಇತ್ತು.

"ಧೃತೀ! ಮುಟ್ಟಬೇಡ!"

ಬಾಗಿಲು ತೆರೆದಳು. ಎದುರಿಗೆ ಒಂದು ಹುಡುಗಿ ನಿಂತಿತ್ತು. ಮೈಮೇಲೆ ಧೃತಿಯ ಹಳದಿ ಸ್ವೆಟರ್. ಕೆನ್ನೆ ತುಂಬ ಹೊಳಪು. ಆ ಮುಖವನ್ನು ಉಷಾ ಎಂದೂ ಕಂಡಿರಲಿಲ್ಲ.

"ಮಾಮ್, ಡು ಐ ಲುಕ್ ಪ್ರೆಟಿ?"

ಇವಳೇ ಧೃತಿ ಎಂದು ಬುದ್ಧಿ ಹೇಳಿತು. ಹೆತ್ತ ಕರುಳು ಒಪ್ಪಲಿಲ್ಲ. ಹುಡುಗಿ ತಬ್ಬಿಕೊಳ್ಳಲು ಬಂತು. ಉಷಾ ಅದನ್ನು ದೂಡಿ ಗೋಡೆಗೊತ್ತಿದಳು.

"ಯಾರೇ ನೀನು? ನನ್ನ ಮಗಳನ್ನ ಏನು ಮಾಡಿದೆ?"