ಅಲ್ಮಾಜ್ ಹಿಡಿದ ಟವೆಲ್

ಪೆಟ್ಟಿಗೆ ಇತ್ತು. ಸರ ಇರಲಿಲ್ಲ.

ಬೆಡ್‌ರೂಮಿನಿಂದ ಮ್ಯಾಗ್ಡಲಿನ್ ಕೂಗಿದ ಕೂಗಿಗೆ ಹಾಲ್‌ನಲ್ಲಿ ಹಾಡು ನಿಂತಿತು. ಬಹರೈನಿನ ಬುದಯ್ಯದ ಆ ವಿಲ್ಲಾದಲ್ಲಿ ಅಂದು ಅವರ ಮಗಳು ಅನಿಶಾಳ ರೋಸ್. ಕರಾವಳಿಯ ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಮದುಮಗಳನ್ನು ಕೂರಿಸಿ, ಹತ್ತಿರದವರೆಲ್ಲ ಸರದಿಯಲ್ಲಿ ತಲೆಗೆ ತೆಂಗಿನ ಹಾಲು ಹೊಯ್ದು ಎಣ್ಣೆ ಹಚ್ಚುವ ಶಾಸ್ತ್ರ. ಹಾಲು ತಾಗಬಾರದೆಂದು ಅನಿಶಾಳ ಕೊರಳಿನಿಂದ ಅಜ್ಜಿಯ ಕಾಲದ ಚಿನ್ನದ ಚಕ್ರಸರವನ್ನು ಬಿಚ್ಚಿ ಮ್ಯಾಗ್ಡಲಿನ್ ಒಳಗೆ ಇಟ್ಟು ಬಂದಿದ್ದರು. ಶಾಸ್ತ್ರ ಮುಗಿಯುವಷ್ಟರಲ್ಲಿ ಸರ ಮಾಯ.

ಕಾಂಪೌಂಡಿನ ಸೆಕ್ಯೂರಿಟಿ ಸೂಪರ್‌ವೈಸರ್ ಲತೇಶ್ ಗೇಟಿನಿಂದ ಓಡಿ ಬಂದ.

"ಯಾರ ಮೇಲಾದರೂ ಸಂಶಯ ಉಂಟಾ, ಆಂಟಿ?"

ಮ್ಯಾಗ್ಡಲಿನ್ ಬಾಯಿ ತೆರೆಯುವ ಮೊದಲೇ ಅವರ ನಾದಿನಿ ಜಾನಿಸ್ ಹೇಳಿದರು. "ಕೇಳ್ಲಿಕ್ಕೆ ಎಂತ ಉಂಟು? ಆ ಕೆಲಸದವಳು ಈ ರೂಮಿನಿಂದ ಹೊರಗೆ ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ."

ಕೆಲಸದವಳೆಂದರೆ ಅಲ್ಮಾಜ್. ಇಥಿಯೋಪಿಯಾದ ಹೆಂಗಸು. ಈ ಮನೆಗೆ ಬಂದು ಎರಡು ವರ್ಷವಾಗಿತ್ತು.

ಲತೇಶ್ ಮತ್ತೇನೂ ಕೇಳಲಿಲ್ಲ. ಅಲ್ಮಾಜ್‌ಳನ್ನು ಗೇಟಿನ ಕ್ಯಾಬಿನ್‌ಗೆ ಕರೆದುಕೊಂಡು ಹೋದ. ಠಾಣೆಗೆ ಫೋನ್ ಮಾಡಿದ. "ಕಳವು ಆಗಿದೆ. ಮನೆಕೆಲಸದವಳ ಮೇಲೆ ಸಂಶಯ. ಹೆಸರು ಅಲ್ಮಾಜ್."

ಒಂದೇ ಹೆಸರು ಹೇಳಿದ. ಅತಿಥಿಗಳು ಊಟಕ್ಕೆ ಕುಳಿತರು.

* * *

ಅಲ್ಮಾಜ್‌ಳ ಬ್ಯಾಗನ್ನು ಮೇಜಿನ ಮೇಲೆ ಸುರಿದದ್ದಾಗಿತ್ತು. ಒಂದು ಬಾಚಣಿಗೆ, ಫೋನಿನ ಚಾರ್ಜರ್, ಮಡಚಿದ ಶಾಲು, ಶಿಲುಬೆ ಕಟ್ಟಿದ ಕಪ್ಪು ದಾರ, ಅರ್ಧ ಚಾಕೊಲೇಟು. ಸರ ಇಲ್ಲ. ಲತೇಶ್ ಮತ್ತೊಮ್ಮೆ ಕೊಡವಿದ. ಹೊಲಿಗೆ ಹಿಚುಕಿದ. ಇನ್ನೊಮ್ಮೆ ಕೊಡವಿದ.

"ಮೇಡಂ ಟವೆಲ್ ತಾ ಅಂದ್ರು. ಹೋದೆ, ತಂದೆ," ಎಂದಳು ಅಲ್ಮಾಜ್, ಹರಕು ಹಿಂದಿಯಲ್ಲಿ. "ಪೊಲೀಸ್ ಬಂದ್ರೆ ನನ್ನ ಕೆಲಸ ಹೋಯ್ತು. ವೀಸಾ ಹೋಯ್ತು. ಆಮೇಲೆ ಸರ ಸಿಕ್ಕಿದ್ರೂ ಅಷ್ಟೇ. ಕಳ್ಳಿ ಅನ್ನಿಸಿಕೊಂಡವಳನ್ನು ಯಾರು ಮನೆಗೆ ಸೇರಿಸ್ತಾರೆ?"

ಲತೇಶ್ ಬ್ಯಾಗನ್ನು ಮೇಜಿನ ಮೇಲೆಯೇ ಬಿಟ್ಟ. ಹೊರಗೆ ಬಂದು ಗೇಟಿನ ಕಾವಲುಗಾರ ಲೋಕಯ್ಯನನ್ನು ಕೇಳಿದ. "ಬೆಳಗ್ಗಿಂದ ಹೊರಗೆ ಹೋದವರ ಬ್ಯಾಗ್ ನೋಡಿದ್ದೀರಾ?"

"ಟುಬ್ಲಿಯಿಂದ ಎಸಿ ರಿಪೇರಿಗೆ ಬಂದಿದ್ದ ಬೆಂಗಾಲಿಯದ್ದು ನೋಡಿದ್ದೇನೆ. ಪಕ್ಕದ ವಿಲ್ಲಾದ ಕೀನ್ಯಾದವಳದ್ದು ನೋಡಿದ್ದೇನೆ."

"ಉಳಿದವರದ್ದು?"

ಲೋಕಯ್ಯ ನಕ್ಕ. "ಎಂತ ಮಾರಾಯ್ರೆ, ನಮ್ಮವರದ್ದು ನೋಡ್ಲಿಕ್ಕುಂಟಾ? ಕಪ್ಪಿನವರದ್ದು, ಬೆಂಗಾಲಿಗಳದ್ದು ನೋಡಿದ್ರೆ ಸಾಕು ಅಂತ ಹೇಳಿದ್ದು ನೀವೇ ಅಲ್ವಾ?"

ಹೌದು, ಅವನೇ. ಲೋಕಯ್ಯ ಕುಹಕವಾಡಿರಲಿಲ್ಲ. ಅದಕ್ಕೇ ಮಾತು ಇನ್ನಷ್ಟು ಚುಚ್ಚಿತು.

* * *

ಠಾಣೆಯ ಜೀಪು ಬರುವ ಮೊದಲು ಪೆಟ್ಟಿಗೆಯನ್ನಾದರೂ ಸರಿಯಾಗಿ ನೋಡಬೇಕು. ಮೊದಲು ಮಾಡಬೇಕಾಗಿದ್ದ ಕೆಲಸ ಅದು. ಲತೇಶ್ ಮತ್ತೆ ಬೆಡ್‌ರೂಮಿಗೆ ಹೋದ.

ಕೆಂಪು ಮಖಮಲ್ಲಿನ ಪೆಟ್ಟಿಗೆ. ಒಳಗೆ ಸರ ಮಲಗಿದ್ದ ಜಾಗದಲ್ಲಿ ಬೆರಳಗಲದ ಬಿಳಿ ಕಲೆ. ಇನ್ನೂ ತೇವವಿತ್ತು. ಮೂಸಿದ. ತೆಂಗಿನ ಹಾಲು.

"ಆಂಟಿ, ಸರ ಇಡುವಾಗ ನಿಮ್ಮ ಕೈಗೆ ಹಾಲು ತಾಗಿತ್ತಾ?"

"ಇಲ್ಲಪ್ಪ. ಆಗ ಶಾಸ್ತ್ರವೇ ಶುರುವಾಗಿರಲಿಲ್ಲ." ಮ್ಯಾಗ್ಡಲಿನ್ ಕಣ್ಣೊರೆಸಿಕೊಂಡರು. "ಆ ಎಸಿಯವನನ್ನು ಹಿಡೀರಿ. ಅವನೂ ಸರಿ ಇಲ್ಲ."

"ಅವನು ಹೋಗುವಾಗ ಅನಿಶಾ ಸರ ಹಾಕಿಕೊಂಡೇ ಗೇಟಿನ ಹತ್ತಿರ ಫೋಟೊ ತೆಗೀತಿದ್ಲು. ನಾನೇ ನೋಡಿದ್ದೇನೆ. ಅಲ್ಮಾಜ್ ಹಾಲಿನ ಪಾತ್ರೆ ಏನಾದ್ರೂ ಮುಟ್ಟಿದ್ಲಾ?"

"ಅವಳಾ? ರೋಸಿನ ಹಾಲನ್ನು ಅವಳ ಕೈಗೆ ಕೊಡ್ತೇನಾ? ಇವತ್ತು ಅಡುಗೆಮನೆ ಕಡೆಯೇ ಬರಬೇಡ ಅಂದಿದ್ದೆ. ಟವೆಲ್ ಹಿಡ್ಕೊಂಡು ಒಂದು ಬದಿಗೆ ನಿಲ್ಲು, ಸಾಕು ಅಂದಿದ್ದೆ."

ಹೇಳಿ ಮುಗಿಸಿದ ಮೇಲೆ ಮ್ಯಾಗ್ಡಲಿನ್ ಪೆಟ್ಟಿಗೆಯ ಕಲೆಯನ್ನು ನೋಡಿದರು. ತಮ್ಮ ಮಾತು ತಮಗೇ ಕೇಳಿಸಿದಂತಿತ್ತು.

* * *

ಅನಿಶಾಳ ತಮ್ಮ ರಸೆಲ್ ಶಾಸ್ತ್ರವನ್ನು ಪೂರ್ತಿ ಫೋನಿನಲ್ಲಿ ವಿಡಿಯೊ ಮಾಡಿದ್ದ. ಲತೇಶ್ ಅದನ್ನು ನೋಡಿದ. ಏನೂ ಕಾಣಲಿಲ್ಲ. ತನಗೆ ಈ ಕೆಲಸ ಬರುವುದಿಲ್ಲ ಎಂಬ ಹಳೆಯ ಹೆದರಿಕೆ ಎದೆಯಲ್ಲಿ ಎದ್ದು ಕುಳಿತಿತು.

ಮತ್ತೆ ನೋಡಿದ. ಈ ಸಲ ಮದುಮಗಳನ್ನು ಬಿಟ್ಟು ಚಿತ್ರದ ಮೂಲೆಯನ್ನು ನೋಡಿದ. ಅಲ್ಲಿ ಅಲ್ಮಾಜ್ ನಿಂತಿದ್ದಳು. ಹಾಲು ಹೊಯ್ದವರು ತಿರುಗುತ್ತಾರೆ, ಅವಳು ಟವೆಲ್ ಚಾಚುತ್ತಾಳೆ, ಅವರು ಕೈ ಒರೆಸಿಕೊಳ್ಳುತ್ತಾರೆ. ಒಬ್ಬರಾದ ಮೇಲೆ ಒಬ್ಬರು.

ಒಬ್ಬರು ಮಾತ್ರ ಒರೆಸಿಕೊಳ್ಳಲಿಲ್ಲ.

ಲತೇಶ್ ವಿಡಿಯೊ ನಿಲ್ಲಿಸಿದ. ಮೊದಲ ಸಲ ಇದು ಕಣ್ಣಿಗೆ ಬೀಳಲಿಲ್ಲ ಯಾಕೆ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿತ್ತು. ಅದರಲ್ಲಿ ವಿಚಿತ್ರವೇನೂ ಅವನಿಗೆ ಕಂಡಿರಲಿಲ್ಲ.

* * *

ಠಾಣೆಯ ಅಧಿಕಾರಿ ಬಂದ. ಬಹರೈನಿನವನೇ, ವಯಸ್ಸಾದವನು. "ಎಲ್ಲಿ ಆ ಹೆಂಗಸು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಸರ್, ಫೋನಿನಲ್ಲಿ ನಾನು ಹೇಳಿದ್ದು ತಪ್ಪು," ಎಂದ ಲತೇಶ್. "ಎಲ್ಲರ ಎದುರು ಹೇಳಬೇಕು."

ಹಾಲ್‌ನಲ್ಲಿ ಎಲ್ಲರೂ ಸೇರಿದರು. ಲತೇಶ್ ಪೆಟ್ಟಿಗೆ ತೆರೆದು ಕಲೆ ತೋರಿಸಿದ.

"ಸರ ತೆಗೆದ ಕೈಯಲ್ಲಿ ರೋಸಿನ ಹಾಲಿತ್ತು. ಅಂದರೆ ಕಳವು ನಡೆದದ್ದು ಶಾಸ್ತ್ರ ಶುರುವಾದ ಮೇಲೆ. ಅಲ್ಮಾಜ್ ಟವೆಲ್ ತರಲು ರೂಮಿಗೆ ಹೋದದ್ದು ಅದಕ್ಕೂ ಮೊದಲು. ಆಮೇಲೆ ಕೊನೆಯವರೆಗೂ ಅವಳು ವಿಡಿಯೊದಲ್ಲೇ ಇದ್ದಾಳೆ. ಹಾಲು ಮುಟ್ಟಲು ಅವಳಿಗೆ ಯಾರೂ ಬಿಡಲಿಲ್ಲ. ಹಾಲು ಹೊಯ್ದದ್ದು ನಾವು. ಅಂದರೆ, ನಿಮ್ಮವರು."

"ಏ, ನಾಲಗೆ ಬಿಗಿ ಹಿಡಿ," ಎಂದರು ಮನೆಯ ಯಜಮಾನ ಚಾರ್ಲ್ಸ್.

"ಸರ್, ಹಾಲು ಹೊಯ್ದವರೆಲ್ಲ ಕೂಡಲೇ ಕೈ ಒರೆಸಿಕೊಂಡಿದ್ದಾರೆ, ಒಬ್ಬರನ್ನು ಬಿಟ್ಟು." ಲತೇಶ್ ವಿಡಿಯೊ ಹಾಕಿದ. ಪರದೆಯಲ್ಲಿ ಜಾನಿಸ್ ಹಾಲು ಹೊಯ್ದರು. ತಿರುಗಿದರು. ಅಲ್ಮಾಜ್ ಟವೆಲ್ ಚಾಚಿದಳು. ಜಾನಿಸ್ ತಟ್ಟನೆ ಕೈ ಹಿಂದಕ್ಕೆಳೆದುಕೊಂಡು, ಮೂಗು ಮುರಿದು, ಒದ್ದೆ ಬೆರಳುಗಳನ್ನು ಮೇಲೆತ್ತಿಕೊಂಡೇ ಬೆಡ್‌ರೂಮಿನ ಕಡೆ ನಡೆದರು. "ಅಲ್ಮಾಜ್ ಕೊಟ್ಟ ಟವೆಲ್ ನೀವು ಮುಟ್ಟಿದ್ದರೆ, ಆಂಟಿ, ಪೆಟ್ಟಿಗೆಯಲ್ಲಿ ಕಲೆಯೇ ಇರುತ್ತಿರಲಿಲ್ಲ."

"ಕೈ ತೊಳೀಲಿಕ್ಕೆ ಹೋದದ್ದು ನಾನು!" ಎಂದರು ಜಾನಿಸ್. "ಇವನ್ಯಾರು ನನ್ನನ್ನು ಕೇಳ್ಲಿಕ್ಕೆ? ವಾಚ್‌ಮನ್!"

ಅಧಿಕಾರಿ ಶಾಂತವಾಗಿ ಹೇಳಿದ. "ಹಾಗಾದರೆ ಎಲ್ಲರ ಬ್ಯಾಗ್ ನೋಡೋಣ. ಆ ಹೆಂಗಸಿನದ್ದು ನೋಡಿದ್ದೀರಲ್ಲ, ಹಾಗೆಯೇ."

ಜಾನಿಸ್ ತಮ್ಮ ಪರ್ಸನ್ನು ಎದೆಗವಚಿಕೊಂಡರು. ಮತ್ತೆ ಯಾರೂ ಏನೂ ಕೇಳಬೇಕಾಗಲಿಲ್ಲ.

"ಅದು ನನ್ನ ಅಮ್ಮನ ಸರ," ಎಂದರು ಕೊನೆಗೆ. ಅಳು ಉಕ್ಕಿತು. "ಅಣ್ಣನ ಮಗಳಿಗೆ ಹೋಯ್ತು. ನಾನು ಒಂದು ದಿನ ಕೊರಳಿಗೆ ಹಾಕಿದವಳಲ್ಲ."

"ಅದಕ್ಕೆ ಅಲ್ಮಾಜ್‌ಳನ್ನು ಜೈಲಿಗೆ ಹಾಕ್ತಿದ್ರಾ, ಆಂಟಿ?" ಅನಿಶಾಳ ಕೂದಲಿಗೆ ಹಾಲು ಇನ್ನೂ ಅಂಟಿಕೊಂಡಿತ್ತು.

ಚಾರ್ಲ್ಸ್ ಅಧಿಕಾರಿಯ ಹತ್ತಿರ ಬಂದರು. "ಖಲಾಸ್, ಸರ್. ಇದು ಮನೆಯೊಳಗಿನ ವಿಷಯ. ದೂರು ಬೇಡ."

"ಸ್ವಲ್ಪ ಹೊತ್ತಿನ ಮುಂಚೆ ಇದು ಕಳವಾಗಿತ್ತು," ಎಂದ ಅಧಿಕಾರಿ. "ಆ ಕೆಲಸದವಳಾಗಿದ್ದರೂ ಬೇಡ ಅನ್ನುತ್ತಿದ್ದಿರಾ?"

ಅಧಿಕಾರಿ ಲತೇಶನ ಕಡೆ ತಿರುಗಿದ. "ನೀವು ನನಗೆ ಒಂದು ಹೆಸರು ಕೊಟ್ಟಿರಿ. ನಾನು ಒಬ್ಬಳನ್ನು ಕರೆದುಕೊಂಡು ಹೋಗಲು ಬಂದೆ. ಸೆರೆಮನೆಯಲ್ಲಿ ಇವಳಂಥವರೇ ಯಾಕೆ ಹೆಚ್ಚಿದ್ದಾರೆ ಅಂತ ಜನ ನಮ್ಮನ್ನು ಕೇಳ್ತಾರೆ. ನಮ್ಮ ತಪ್ಪೂ ಇರಬಹುದು. ಆದರೆ ಹೆಸರು ನಮ್ಮ ಹತ್ತಿರ ಬರುವುದು ನಿಮ್ಮಂಥ ಗೇಟುಗಳಿಂದ."

ದೂರನ್ನು ಬಿಡುವುದೋ ಬೇಡವೋ ಎಂಬುದನ್ನು ಠಾಣೆಯಲ್ಲೇ ಹೇಳಿ ಎಂದು ಅವನು ಹೊರಟ. ಜಾನಿಸ್ ಅಣ್ಣನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಹಿಂದಿನಿಂದ ಹೋದರು. ಅಲ್ಮಾಜ್‌ಳಿಗೆಂದು ಬಂದಿದ್ದ ಜೀಪಿನ ಹಿಂದಿನ ಸೀಟು ಖಾಲಿಯಾಗಿಯೇ ಹೋಯಿತು.

* * *

ಕ್ಯಾಬಿನ್‌ನಲ್ಲಿ ಅಲ್ಮಾಜ್ ಹಾಗೆಯೇ ಕುಳಿತಿದ್ದಳು. ಮೇಜಿನ ಮೇಲೆ ಅವಳ ಸಾಮಾನು ಸುರಿದದ್ದು ಸುರಿದಂತೆಯೇ ಇತ್ತು.

"ಸರ ಸಿಕ್ಕಿತು," ಎಂದ ಲತೇಶ್. "ನೀನಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ. ತಪ್ಪಾಯ್ತು."

ಅವಳು ಕೇಳಿಸಿಕೊಂಡಳು. ಸಂತೋಷಪಡಲಿಲ್ಲ. ಅವನು ಬಾಚಣಿಗೆಯನ್ನು ಬ್ಯಾಗಿಗೆ ಹಾಕಲು ಕೈ ಚಾಚಿದ.

"ಬೇಡ. ನಾನು ತುಂಬಿಸ್ತೇನೆ."

ಚಾರ್ಜರ್ ಹಾಕಿದಳು. ಶಾಲನ್ನು ಮತ್ತೆ ಮಡಚಿದಳು. ಶಿಲುಬೆಯ ದಾರವನ್ನು ಕಟ್ಟಿಕೊಂಡಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಮೊದಲ ಸಲ ಹುಡುಕಿದ್ದು ಸರಿ, ಭಾಯ್. ಎರಡನೇ ಸಲವೂ ಇರಲಿ. ಬ್ಯಾಗ್ ಖಾಲಿ ಅಂತ ಗೊತ್ತಾದ ಮೇಲೆ ಮೂರನೇ ಸಲ ಯಾಕೆ ಹುಡುಕಿದಿರಿ?"

ಲತೇಶ್ ಕ್ಯಾಬಿನ್ನಿನ ಕಿಟಕಿಯಿಂದ ಗೇಟಿನ ಕಡೆ ನೋಡಿದ.

ಹೊರಗೆ ಅತಿಥಿಗಳ ಕಾರುಗಳು ಗೇಟಿಗೆ ಬರತೊಡಗಿದವು. ಲೋಕಯ್ಯ ರೂಢಿಯಂತೆ ಸಲಾಂ ಹೊಡೆದು ತಡೆಗಂಬ ಎತ್ತಲು ಹೋದ.

"ಎತ್ತಬೇಡಿ," ಎಂದು ಲತೇಶ್ ಕೂಗಿದ. ಕ್ಯಾಬಿನ್ನಿನಿಂದ ಇಳಿದು ಮೊದಲ ಕಾರಿನ ಕಿಟಕಿ ತಟ್ಟಿದ. "ಸಾರಿ ಸರ್. ಬ್ಯಾಗ್ ತೋರಿಸಬೇಕು."